ಟೈರಿಗೂ ವಯಸ್ಸಾಗುತ್ತದೆ

ಪಾರ್ಲರ್ ಅಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತು ದಾಟಿದವರನ್ನು ಒಳಗೆ ಕೂರಿಸಿ ನಲವತ್ತರವರನ್ನಾಗಿ ಮಾಡಿ ಹೊರಗೆ ಕಳಿಸುವುದರಲ್ಲಿ ಅವಳದು ಎತ್ತಿದ ಕೈ. ನರೆಗೂದಲು, ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಕಲೆ, ಯಾವುದೂ ಅವಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಅವಳ ತಂಗಿಯೂ ಅದೇ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳು ಅವಳಿಗೆ ಇಟ್ಟ ಹೆಸರು ರೇಡಿಯೋ. ಐಬ್ರೋ ಮಾಡುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಆ ಹಲ್ಲುಗಳ ಸಂದಿಯಿಂದ ಇಷ್ಟು ಮಾತು ಹೇಗೆ ಹೊರಗೆ ಬರುತ್ತದೋ ಯಾರಿಗೂ ತಿಳಿದಿರಲಿಲ್ಲ. ನಗಿಸುತ್ತಾ ನಗಿಸುತ್ತಾ ಕೆಲಸ ಮುಗಿಸಿಬಿಡುತ್ತಿದ್ದಳು, ಗಿರಾಕಿಗೆ ನೋವೇ ಗೊತ್ತಾಗುತ್ತಿರಲಿಲ್ಲ. "ನೀವು ಬೇಡ, ರೇಡಿಯೋನೇ ಮಾಡಲಿ" ಎಂದು ಅಕ್ಕನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವವರೂ ಇದ್ದರು. ಅಕ್ಕನಿಗೆ ಅದರಿಂದ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಮುಂದಿನ ವರ್ಷ ತಂಗಿಗೆ ಅಂತಲೇ ಇನ್ನೊಂದು ಪಾರ್ಲರ್ ಹಾಕಿಕೊಡುವ ಮಾತೂ ಮನೆಯಲ್ಲಿ ನಡೆದಿತ್ತು.

ಅವರಿಗಿದ್ದ ತೊಂದರೆ ಒಂದೇ. ಮದುವೆ ಮನೆಗಳಿಗೆ ಹೋಗಿ ಮೇಕಪ್ ಮಾಡಬೇಕೆಂದರೆ ಎತ್ತರದ ಕುರ್ಚಿ, ಬಲ್ಬು ಸುತ್ತಿದ ಕನ್ನಡಿ, ಪೆಟ್ಟಿಗೆಗಳು ಎಲ್ಲವನ್ನೂ ಹೊತ್ತೊಯ್ಯಬೇಕು. ಬಾಡಿಗೆ ಗಾಡಿಯವನು ಬರುತ್ತೇನೆ ಎಂದ ಹೊತ್ತಿಗೆ ಎಂದೂ ಬಂದವನಲ್ಲ. ಒಮ್ಮೆಯಂತೂ ಮದುಮಗಳು ಅರ್ಧ ಜಡೆ ಹಾಕಿಕೊಂಡು ಬಾಗಿಲು ನೋಡುತ್ತಾ ಕೂತಿದ್ದಳು. ಅವತ್ತು ಅಕ್ಕ, ಇನ್ನು ನಮ್ಮದೇ ಒಂದು ದೊಡ್ಡ ಗಾಡಿ ಬೇಕು ಎಂದು ಹಟ ಹಿಡಿದಳು. ಪಾರ್ಲರಿನ ಪಕ್ಕದಲ್ಲೇ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದ ಗಂಡ, ಹೊಸದು ನಮ್ಮ ಕೈಗೆ ಎಟುಕುವುದಿಲ್ಲ, ಸೆಕೆಂಡ್ ಹ್ಯಾಂಡ್ ನೋಡೋಣ ಎಂದ.

ಸಿಕ್ಕಿದ್ದು ಒಳ್ಳೆಯ ಗಾಡಿಯೇ. ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರ ಎಸ್‌ಯುವಿ. ಮೊಮ್ಮಗಳನ್ನು ಈಜು ಕಲಿಯಲು ಬಿಟ್ಟು ಬರುವುದಕ್ಕೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದರಂತೆ. ಓಡಿದ್ದು ಬಹಳ ಕಡಿಮೆ. ನಾಲ್ಕೂ ಟೈರು ಕಂಪನಿಯಿಂದ ಬಂದವೇ, ಗ್ರಿಪ್ ಸ್ವಲ್ಪವೂ ಸವೆದಿರಲಿಲ್ಲ. ಹಿಂದೆ ನೇತುಹಾಕಿದ್ದ ಸ್ಟೆಪ್ನಿ ಟೈರಂತೂ ರಸ್ತೆಯನ್ನೇ ಮುಟ್ಟಿರಲಿಲ್ಲ. ಇನ್ನೇನು ಬೇಕು ಎಂದು ಗಂಡ ಹೆಂಡತಿ ಇಬ್ಬರೂ ಖುಷಿಯಾಗಿ ಮನೆಗೆ ತಂದರು.

ಮನೆಗೆ ಬಂದ ಗಾಡಿಗೆ ಅಕ್ಕ ಮದುಮಗಳಿಗೆ ಮಾಡುವ ಹಾಗೆ ಶೃಂಗಾರ ಮಾಡಿದಳು. ಒಳಗಿನ ಸೀಟುಗಳನ್ನು ತೊಳೆಸಿ ಹೊಸ ಕವರ್ ಹಾಕಿಸಿದಳು. ಗೀರುಗಳಿಗೆ ಪಾಲಿಶ್ ಹೊಡೆಸಿದಳು. ಮಬ್ಬಾಗಿದ್ದ ಹೆಡ್‌ಲೈಟ್ ಗಾಜನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದಳು. ರೇಡಿಯೋ ಒಂದು ಸುವಾಸನೆಯ ಡಬ್ಬಿ ತಂದಿಟ್ಟು, "ಭಾವ, ಇನ್ಮೇಲೆ ಇದರೊಳಗೆ ಈರುಳ್ಳಿ ತರೋ ಹಾಗಿಲ್ಲ" ಎಂದು ಕಾನೂನು ಮಾಡಿದಳು. ಬೀದಿಯವರೆಲ್ಲ ಬಂದು ನೋಡಿ ಹೋದರು.

ನೋಡಲು ಬಂದವರಲ್ಲಿ ನಾದಿನಿಯೂ ಇದ್ದಳು. ಗಂಡನ ತಂಗಿ, ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿಸುವವಳು. ಅತ್ತಿಗೆಗೂ ನಾದಿನಿಗೂ ಜಗಳವೇನೂ ಇರಲಿಲ್ಲ. ಆದರೆ ನಾದಿನಿ ಏನು ಹೇಳಿದರೂ ಅಕ್ಕನ ಮೂಗು ಸ್ವಲ್ಪ ಸೊಟ್ಟಗಾಗುತ್ತಿತ್ತು. ಎಲ್ಲವೂ ತನಗೇ ಗೊತ್ತು ಅನ್ನೋ ಹಾಗೆ ಆಡ್ತಾಳೆ ಎಂಬುದು ಅವಳ ದೂರು. ನಮ್ಮ ನಿಮ್ಮ ಮನೆಗಳಲ್ಲಿ ಇಲ್ಲದ ದೂರೇನಲ್ಲ ಅದು. ಆದರೆ ಇಷ್ಟು ಸಣ್ಣ ಮುನಿಸಿಗೆ ಇಷ್ಟು ದೊಡ್ಡ ಬೆಲೆ ಕೊಡಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಾದಿನಿ ಸೀಟು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಬಟ್ಟೆಯಿಂದ ಟೈರಿನ ಬದಿ ಒರೆಸಿ ಏನೋ ಓದಿದಳು. ಆಮೇಲೆ ಅಣ್ಣನನ್ನೂ ಅತ್ತಿಗೆಯನ್ನೂ ಕರೆದು ತೋರಿಸಿದಳು. ಅಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿದ್ದವು: 2315.

"ಇದು ಟೈರ್ ಹುಟ್ಟಿದ ದಿನ ಅತ್ತಿಗೆ. ಮೊದಲಿನ ಎರಡು ಅಂಕಿ ವಾರ, ಕೊನೇ ಎರಡು ವರ್ಷ. ಅಂದ್ರೆ ಎರಡು ಸಾವಿರದ ಹದಿನೈದನೇ ಇಸವಿ, ಇಪ್ಪತ್ಮೂರನೇ ವಾರ. ಒಂಬತ್ತು ವರ್ಷ ದಾಟಿದೆ."

"ದಾಟಿದ್ರೆ ದಾಟಲಿ. ಸವೆದಿಲ್ವಲ್ಲ" ಎಂದಳು ಅಕ್ಕ.

ಸವೆಯುವುದು ಬೇರೆ, ವಯಸ್ಸಾಗುವುದು ಬೇರೆ ಎಂದು ನಾದಿನಿ ಬಿಡಿಸಿ ಹೇಳಿದಳು. ರಬ್ಬರು ಓಡಿದರೂ ಹಳೆಯದಾಗುತ್ತದೆ, ನಿಂತಲ್ಲೇ ನಿಂತರೂ ಹಳೆಯದಾಗುತ್ತದೆ. ಬಿಸಿಲಿಗೆ, ಗಾಳಿಗೆ ಒಣಗಿ ಗಟ್ಟಿಯಾಗಿ ಒಳಗೇ ಬಿರುಕು ಬಿಡುತ್ತದೆ. ಐದಾರು ವರ್ಷ ಆದ ಮೇಲೆ ಪ್ರತಿ ವರ್ಷ ತಿಳಿದವರಿಂದ ತಪಾಸಣೆ ಮಾಡಿಸಬೇಕು. ಹತ್ತು ವರ್ಷದ ಮೇಲಂತೂ ಎಷ್ಟೇ ಚೆನ್ನಾಗಿ ಕಂಡರೂ ಇಟ್ಟುಕೊಳ್ಳಬಾರದು. ಇವು ಈಗಲೇ ಬಿರುಕು ಬಿಟ್ಟಿವೆ. ಕಡಿಮೆ ಓಡಿದ ಗಾಡಿ ಕೊಂಡವರೇ ಇದರಲ್ಲಿ ಮೋಸ ಹೋಗುವುದು, ಗ್ರಿಪ್ ನೋಡಿ ಹೊಸದು ಎಂದುಕೊಳ್ಳುತ್ತಾರೆ. ಅವಳು ಬೆರಳಿನಿಂದ ಟೈರಿನ ಬದಿಯನ್ನು ಒತ್ತಿ ತೋರಿಸಿದಾಗ ಕೂದಲೆಳೆಯಂಥ ಗೆರೆಗಳು ಬಾಯಿ ಬಿಟ್ಟವು, ಕಣ್ಣಂಚಿನ ಸುಕ್ಕಿನ ಹಾಗೆ.

ಸುಕ್ಕು ಗುರುತಿಸುವುದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕಣ್ಣಿಗೆ ಬಿತ್ತು. ಬಿದ್ದರೂ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಗಂಡ ಮಾತ್ರ ಅಳುಕಿ, ಸೀಟ್ ಕವರ್ ಬದಲು ಟೈರೇ ಹಾಕಿಸಬೇಕಿತ್ತೇನೋ ಎಂದು ಗೊಣಗಿದ. ಮದುವೆಗಳ ಕಾಲ ಮುಗಿಯಲಿ, ಆಮೇಲೆ ನೋಡೋಣ ಎಂದು ಅಕ್ಕ ಮಾತು ಮುಗಿಸಿಬಿಟ್ಟಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ಭಾನುವಾರ ಅವಳು ಟೈರಿಗೆ ಹಚ್ಚುವ ಕಪ್ಪು ಪಾಲಿಶ್ ತಂದಳು. ಸ್ಪಂಜಿನಲ್ಲಿ ಅದ್ದಿ, ಮುಖಕ್ಕೆ ಹಚ್ಚುವಷ್ಟೇ ನಾಜೂಕಾಗಿ ಐದೂ ಟೈರುಗಳಿಗೆ ಹಚ್ಚಿದಳು. ಒಂದು ಗೆರೆಯೂ ಕಾಣದ ಹಾಗೆ ಅವು ಮಿರಿಮಿರಿ ಮಿಂಚಿದವು. ಸಂಜೆ ನಾದಿನಿ ಬಂದಾಗ ಅವಳನ್ನು ಗಾಡಿಯ ಮುಂದೆ ನಿಲ್ಲಿಸಿ ಕೇಳಿದಳು:

"ಈಗ ಹೇಳು ನೋಡೋಣ, ವಯಸ್ಸೆಷ್ಟು?"

ರೇಡಿಯೋ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನೂ ನಕ್ಕ. ಅಕ್ಕಪಕ್ಕದವರೂ ನಕ್ಕರು. ನಾದಿನಿಯ ಮುಖ ಸಣ್ಣಗಾಯಿತು. ಅವಳು ಟೀ ಕುಡಿದು ಹೊರಟುಹೋದಳು. ಮತ್ತೆ ಟೈರಿನ ಸುದ್ದಿ ಎತ್ತಲಿಲ್ಲ.

ಆ ನಗು ಈಗ ನೆನಪಾದರೆ ಅಕ್ಕನಿಗೆ ಅನ್ನ ಇಳಿಯುವುದಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ದೂರದ ಊರಿನ ಮದುವೆಗೆ ಹೊರಟಿದ್ದರು. ಹಿಂದೆ ಸಾಮಾನು ತುಂಬಿತ್ತು, ರಸ್ತೆ ಕಾದ ಹೆಂಚಿನ ಹಾಗಿತ್ತು. ಗಂಡ ಗಾಡಿ ಓಡಿಸುತ್ತಿದ್ದ, ಅಕ್ಕ ಅವನ ಪಕ್ಕ ಕೂತಿದ್ದಳು. ಹೊರಡುವ ಮುಂಚೆ ಗಾಳಿಯನ್ನೂ ಚೆಕ್ ಮಾಡಿಸಿದ್ದ, ಆ ವಿಷಯದಲ್ಲಿ ಅವನದು ತಪ್ಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಎಡಗಡೆ ಕಿಟಕಿಯ ಪಕ್ಕ ರೇಡಿಯೋ ಕೂತು, ಬೆಳಿಗ್ಗೆ ಬಂದ ಗಿರಾಕಿಯೊಬ್ಬಳ ಕಥೆ ಹೇಳುತ್ತಿದ್ದಳು. ಕಥೆ ಅರ್ಧಕ್ಕೆ ಬಂದಿತ್ತು. ಹಿಂದಿನ ಎಡ ಟೈರು ಢಬ್ ಎಂದು ಒಡೆಯಿತು. ಗಾಬರಿಯಲ್ಲಿ ಗಂಡ ಬ್ರೇಕ್ ತುಳಿದುಬಿಟ್ಟ. ಗಾಡಿ ಓಲಾಡಿ, ರಸ್ತೆ ಬಿಟ್ಟು ಇಳಿದು ಎಡಕ್ಕೆ ಮಗುಚಿತು.

ಬೆಲ್ಟ್ ಹಾಕಿಕೊಂಡಿದ್ದರಿಂದ ಎಲ್ಲರ ಜೀವ ಉಳಿಯಿತು. ಗಂಡನಿಗೆ ಪಕ್ಕೆಲುಬು ಬಿರುಕುಬಿಟ್ಟಿತು. ಅಕ್ಕನಿಗೆ ಒಂದು ಗೀರೂ ಆಗಲಿಲ್ಲ. ರೇಡಿಯೋ ಕಿಟಕಿಯತ್ತ ಹೊರಳಿ ಆತುಕೊಳ್ಳಲು ಬಲಗೈ ಚಾಚಿದ್ದಳು. ಆ ಕೈ ಒಡೆದ ಕಿಟಕಿ ಗಾಜಿನೊಳಗೆ ಹೋಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು ಡಾಕ್ಟರ್. ಲೋಟ ಹಿಡಿಯಬಹುದು, ಬಟ್ಟೆ ಒಗೆಯಬಹುದು, ತಲೆ ಬಾಚಿಕೊಳ್ಳಬಹುದು. ದಾರ ಹಿಡಿದು ಮಾಡುವ ಸೂಕ್ಷ್ಮ ಕೆಲಸ ಬರುತ್ತದಾ ಎಂದು ಅಕ್ಕ ಕೇಳಿದಳು. ಡಾಕ್ಟರ್ ಕನ್ನಡಕ ತೆಗೆದು ಒರೆಸುತ್ತಾ, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ಹೆಬ್ಬೆರಳಿಗೂ ತೋರುಬೆರಳಿಗೂ ಹೋಗುವ ನರ ತುಂಡಾಗಿತ್ತು.

ಆಸ್ಪತ್ರೆಯ ಕಾರಿಡಾರಿಗೆ ನಾದಿನಿ ಓಡಿಬಂದಳು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಈಗ ಹೇಳುತ್ತಾಳೆ, ಹೇಳಲಿ, ಎರಡು ಕೆನ್ನೆಗೆ ಬಾರಿಸಿದರೂ ಸರಿಯೇ ಎಂದು ಕಾದಳು. ನಾದಿನಿ ಪಕ್ಕದಲ್ಲಿ ಕೂತು ಅತ್ತಳು.

"ನಂದೂ ತಪ್ಪಿದೆ ಅತ್ತಿಗೆ. ನೀವೆಲ್ಲ ನಕ್ಕಿದ್ದಕ್ಕೆ ಸಿಟ್ಟು ಬಂತು, ಏನಾದ್ರೂ ಮಾಡ್ಕೊಳ್ಳಿ ಅಂತ ಬಾಯಿ ಮುಚ್ಕೊಂಡೆ. ಬೀಗದ ಕೈ ಕಿತ್ಕೊಂಡು ಜಗಳ ಆಡಬೇಕಿತ್ತು ನಾನು."

ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾದಿನಿಯ ಕೈ ಹಿಡಿದುಕೊಂಡಳು, ಅಷ್ಟೇ.

ಗಾಡಿ ರಿಪೇರಿಯಾಗಿ ಮನೆಗೆ ಬರಲು ಬಹಳ ದಿನ ಹಿಡಿಯಿತು. ಒಡೆದ ಟೈರಿನ ಜಾಗಕ್ಕೆ ಆ ಸ್ಟೆಪ್ನಿಯನ್ನೇ ಹಾಕಿ ಕಳಿಸಿದ್ದರು. ಬಂದ ಮೇಲೆ ಅದರ ಹತ್ತಿರ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಮಾರಿಬಿಡೋಣ ಎಂದ ಗಂಡ. ಮಾರಿದರೆ ಈ ಹಳೇ ಟೈರುಗಳು ಇನ್ನೊಬ್ಬರ ಮನೆ ಮಕ್ಕಳ ಕೆಳಗೆ ಓಡುತ್ತವೆ ಎಂದಳು ನಾದಿನಿ. ಇಟ್ಟುಕೊಂಡರೂ ಮಾರಿದರೂ ಟೈರು ಬದಲಾಯಿಸಿಯೇ ಸಿದ್ಧ ಎಂದು ಅಕ್ಕ ಎದ್ದು ನಿಂತಳು. ಈ ಸಲ ನಾಳೆ ನೋಡೋಣ ಎನ್ನಲಿಲ್ಲ. ನಾದಿನಿ ಗಾಡಿ ಓಡಿಸಿದಳು, ಹತ್ತಿರದ ಅಂಗಡಿಗೆ, ನಿಧಾನವಾಗಿ. ನಾನೂ ಬರುತ್ತೇನೆ ಎಂದು ರೇಡಿಯೋ ಹಟ ಮಾಡಿ ಹತ್ತಿದಳು.

ಟೈರ್ ಅಂಗಡಿಯವನು ಮಾತಿನ ಮಲ್ಲ. ಅಗಲವಾದ, ಉಬ್ಬುಬ್ಬಿನ ಟೈರು ತೋರಿಸಿ, ಇದು ಹಾಕಿದರೆ ಗಾಡಿಗೆ ಗತ್ತು ಬರುತ್ತದೆ ಎಂದ. ನಾವು ಕಾಡು ಕೆಸರಲ್ಲಿ ಓಡಿಸುವವರಲ್ಲ, ಡಾಂಬರು ರಸ್ತೆಯಲ್ಲಿ ಹೋಗುವವರು ಎಂದಳು ನಾದಿನಿ. ಆ ಉಬ್ಬುಗಳು ರಸ್ತೆ ಮೇಲೆ ಸದ್ದು ಜಾಸ್ತಿ ಮಾಡುತ್ತವೆ, ಮಳೆ ಬಂದಾಗ ಬ್ರೇಕಿಗೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಅಳತೆಯ ಟೈರು, ಎಷ್ಟು ಗಾಳಿ ಎಂದು ಅದರಲ್ಲೇ ಬರೆದಿರುತ್ತದೆ. ಆ ಅಳತೆಯದೇ, ಅಷ್ಟು ಭಾರ ತಡೆಯುವುದೇ ಬೇಕು ಎಂದಳು. ಅಂಗಡಿಯವನು ಒಂದು ಜೊತೆಯನ್ನು ರಿಯಾಯಿತಿ ಎಂದು ಮುಂದಿಟ್ಟ. ಅಕ್ಕ ತಾನೇ ಕುಕ್ಕರಗಾಲಿನಲ್ಲಿ ಕೂತು, ಬಟ್ಟೆಯಿಂದ ಒರೆಸಿ, ನಾಲ್ಕು ಅಂಕಿ ಓದಿದಳು.

"ಇದು ನಿಮ್ಮ ಅಂಗಡೀಲೇ ನಾಲ್ಕು ವರ್ಷ ಕೂತಿದೆ. ಈ ವರ್ಷದ್ದು ಕೊಡಿ."

ಅವನು ಹಲ್ಲು ಕಿರಿದು ಒಳಗೆ ಹೋಗಿ ಬೇರೆ ತಂದ. ಸ್ಟೆಪ್ನಿಯೂ ಸೇರಿ ಐದೂ ಬದಲಾದವು. ಗಾಳಿ ತುಂಬುವ ವಾಲ್ವ್‌ಗಳನ್ನೂ ಹೊಸದು ಹಾಕಿಸಿದರು, ಅಲೈನ್‌ಮೆಂಟ್ ಮಾಡಿಸಿದರು. ಕಳಚಿದ ಹಳೇ ಟೈರುಗಳನ್ನು ಅವನು ಮೂಲೆಗೆ ಒಟ್ಟಲು ಹೋದಾಗ ಅಕ್ಕ ತಡೆದು, ತನ್ನ ಕಣ್ಣೆದುರೇ ಕತ್ತರಿಸಿ ಹಾಕಬೇಕು ಎಂದಳು. ಯಾರೋ ಪಾಲಿಶ್ ಹಚ್ಚಿ ಇನ್ಯಾರಿಗೋ ಮಾರುವುದು ಅವಳಿಗೆ ಬೇಕಿರಲಿಲ್ಲ. ಪೂರ್ತಿ ಕತ್ತರಿಸುವವರೆಗೂ ಅಲ್ಲಿಂದ ಕದಲಲಿಲ್ಲ.

ರೇಡಿಯೋ ಬೆಂಚಿನ ಮೇಲೆ ಕೂತು, ಡಾಕ್ಟರ್ ಕೊಟ್ಟ ಮೆತ್ತನೆಯ ಚೆಂಡನ್ನು ಬಲಗೈಯಲ್ಲಿ ಅಮುಕುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ಚೆಂಡು ಆಗಾಗ ಜಾರಿ ಬೀಳುತ್ತಿತ್ತು, ಎಡಗೈಯಿಂದ ಎತ್ತಿಕೊಳ್ಳುತ್ತಿದ್ದಳು. ಕೊನೇ ಚಕ್ರದ ನಟ್ಟು ಬಿಗಿದು ಕೆಲಸದವನು ಕೈ ಒರೆಸಿಕೊಂಡ. ಒಂದು ಫೇಶಿಯಲ್ ಮಾಡುವಷ್ಟು ಹೊತ್ತೂ ಆಗಿರಲಿಲ್ಲ.

"ಮುಗೀತಾ?" ಎಂದಳು ರೇಡಿಯೋ.

"ಮುಗೀತು ಕಣೇ."

"ಇಷ್ಟೇನಾ ಅಕ್ಕ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಅಕ್ಕ ತಂಗಿಯ ಪಕ್ಕ ಕೂತು, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಅಂಗಡಿಯವರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಳೇ ಗಾಡಿ ಇರಬಹುದು, ಇಲ್ಲವೇ ಕೊಳ್ಳುವ ಯೋಚನೆ ಇರಬಹುದು. ಸೀಟು, ಬಣ್ಣ, ಸುವಾಸನೆ ಎಲ್ಲ ಆಮೇಲಿರಲಿ. ಈಗಲೇ ಎದ್ದು ಹೋಗಿ ಟೈರಿನ ಬದಿ ಒರೆಸಿ ಆ ನಾಲ್ಕು ಅಂಕಿ ಓದಿ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ, ಬಗ್ಗಿ ನೋಡಿ. ಸ್ಟೆಪ್ನಿಯನ್ನು ಮರೆಯಬೇಡಿ. ವಯಸ್ಸಾಗಿದ್ದರೆ, ಬಿರುಕು ಕಂಡರೆ, ದೂರದ ಪ್ರಯಾಣಕ್ಕೆ ಮುಂಚೆಯೇ ತೋರಿಸಿ ಬದಲಾಯಿಸಿ. ಇದೆಲ್ಲ ಮೊದಲೇ ಗೊತ್ತಿರುವವರು ನೀವಾಗಿದ್ದರೆ, ಪಕ್ಕದ ಮನೆಯವರು ನಕ್ಕರೂ, ಅತ್ತಿಗೆ ಮೂಗು ಮುರಿದರೂ, ಇನ್ನೊಂದು ಸಲ ಹೋಗಿ ಹೇಳಿ. ಅವರು ಕೇಳುವವರೆಗೂ ಹೇಳಿ.