ಪ್ರಮಾಣ ಮುಗಿಯುವ ತನಕ ಕೀಲಿ ಸಿಗದು

ನಾನು ಅಗ್ನಿಶಾಮಕ ಠಾಣೆಯ ಕೆಂಪು ಎಂಜಿನ್ ಓಡಿಸುತ್ತಿದ್ದ ಕಾಲದಲ್ಲಿ ಬೆಂಕಿಗೇ ನನ್ನ ಹೆದರಿಕೆಯಿತ್ತು. ಹಾರ್ನ್ ಒತ್ತಿದರೆ ನಾಲ್ಕು ಬೀದಿ ಆಚೆ ಅರ್ಧ ಬೆಂಕಿ ತಾನಾಗಿ ಆರುತ್ತಿತ್ತು. ಉಳಿದರ್ಧ ಆರಿಸಲು ಸರ್ಕಾರ ಸುಮ್ಮನೆ ಸಂಬಳ ಕೊಟ್ಟು ಆರು ಜನರನ್ನು ಇಟ್ಟಿತ್ತು. ಅವರಲ್ಲೊಬ್ಬ ನನ್ನ ಅಕ್ಕನ ಗಂಡ. ನೀರಿನ ಪೈಪಿನ ಮೂತಿ ಹಿಡಿದು ಎಲ್ಲರಿಗಿಂತ ಮೊದಲು ಒಳಗೆ ನುಗ್ಗುವವನು. ಭಾವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಲ್ಲು ಹಿಂಡಿ ನೀರು ತೆಗೆಯುವುದು ಸುಲಭ. ಆದರೂ ಆ ವಾರ ಉದುರಿದ ಹಲ್ಲಿಗೂ ಮುರಿದ ಮೂಗಿಗೂ ಕಾರಣ ಅವನು ಆಡದೆ ಉಳಿಸಿಕೊಂಡ ಎರಡೇ ಮಾತು.

ನಮ್ಮಲ್ಲೊಂದು ಪದ್ಧತಿ. ಬೆಳಿಗ್ಗೆ ಏಳಕ್ಕೆ ಪಾಳಿ ಬದಲಾಗುವಾಗ ಅಂಗಳದಲ್ಲಿ ಸಾಲಾಗಿ ನಿಂತು ಪ್ರಮಾಣ ಹೇಳಬೇಕು: 'ನನ್ನ ನಾಡಿನ ಒಂದು ಜೀವವನ್ನೂ ಬೆಂಕಿಯಲ್ಲಿ ಬಿಟ್ಟು ಬರುವುದಿಲ್ಲ.' ಯಾರೊಬ್ಬ ತೊದಲಿದರೂ ಎಲ್ಲರೂ ಮೊದಲಿಂದ ಶುರು. ಮುಗಿಯುವ ತನಕ ಎಂಜಿನ್ನಿನ ಕೀಲಿ ಠಾಣಾಧಿಕಾರಿಯ ಕೊರಳ ಸರಪಳಿಯಲ್ಲಿ, ಮುಗಿದ ಮೇಲೆ ನನ್ನ ಕೈಯಲ್ಲಿ. ಹಿಂದೆ ಯಾವನೋ ಚಾಲಕ ಕುಡಿದು ಬಂದು ಎಂಜಿನ್ನನ್ನು ಗೋಡೆಗೆ ನುಗ್ಗಿಸಿದ್ದನಂತೆ. ನಾಲಿಗೆ ತೊದಲದವರಿಗೇ ಕೀಲಿ ಎಂದು ಅಂದಿನಿಂದ ನಿಯಮ.

ಸೋಮವಾರ ಮೇಲಿನಿಂದ ಆದೇಶ ಬಂತು. ಪ್ರಮಾಣದ ಮೊದಲಿಗೆ 'ದೇವರ ಮೇಲಾಣೆ' ಎಂದು ಸೇರಿಸಬೇಕು. ನಾನಂತೂ ಆ ದೇವರೇ ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಹೇಳಿದೆ. ಭಾವ ಆ ಎರಡು ಮಾತು ನುಂಗಿ, ಉಳಿದದ್ದನ್ನು ಹೇಳಿದ. ಅಧಿಕಾರಿ ಮತ್ತೆ ಶುರು ಮಾಡಿಸಿದ. ಹೀಗೆ ಬಿಸಿಲಲ್ಲಿ ನೂರ ಹದಿಮೂರು ಸಲ. ಅಕ್ಕ ನಂಬುವುದಿಲ್ಲ, ಅದಕ್ಕೇ ಹದಿಮೂರು ಎಂದು ಬರೆಯುತ್ತೇನೆ.

"ದೇವರಿಲ್ಲ ಅಂತೀಯೇನೋ?" ಅಧಿಕಾರಿ ಕೇಳಿದ.

"ಇದಾನೆ ಸಾರ್. ಅದಕ್ಕೇ."

"ಬುಧವಾರದವರೆಗೆ ಟೈಮು, ಅಲ್ಲೀವರೆಗೆ ಕೀಲಿ ಕೊಡ್ತೀನಿ. ಆಮೇಲೆ ಕೆಲಸಾನೂ ಇಲ್ಲ, ಮನೆಯೂ ಇಲ್ಲ."

ಮನೆ ಎಂದರೆ ಠಾಣೆಯ ಹಿಂದಿನ ಎರಡು ಕೋಣೆ. ಅಲ್ಲಿ ಅಕ್ಕ ಪಾತ್ರೆ ಕುಕ್ಕುತ್ತಾ ಕೇಳಿದಳು: "ಎರಡು ಮಾತು ಆಡಿದ್ರೆ ನಿಮ್ಮ ಅಪ್ಪನ ಗಂಟೇನು ಹೋಗುತ್ತೆ? ನಿಮ್ಮಷ್ಟು ಕೈ ಮುಗಿಯೋರು ಈ ಬೀದೀಲೇ ಇಲ್ಲ!"

"ಗೋದಾಮಿಗೆ ಬೆಂಕಿ ಬಿದ್ದಾಗ ಒಬ್ಬ ಮುದುಕನ ಕೈ ನನ್ನ ಕೈಯಿಂದ ಜಾರಿತು," ಎಂದ ಭಾವ. "ನಾಡಿಗೆ ಕೊಟ್ಟ ಮಾತಿಗೆ ತಪ್ಪಿದ್ರೆ ನಾಡು ಕ್ಷಮಿಸುತ್ತೆ, ಅದೂ ಮನುಷ್ಯರದ್ದೇ. ದೇವರ ಮೇಲೆ ಆಣೆ ಇಟ್ಟು ತಪ್ಪಿದ್ರೆ? ಆ ಲೆಕ್ಕ ನನ್ನದು, ಅವನದು. ಮಧ್ಯೆ ಹಾಜರಿ ಪುಸ್ತಕ ಯಾಕೆ?"

ಅವನು ಅಷ್ಟುದ್ದ ಮಾತಾಡಿದ್ದನ್ನು ಕೇಳಿ ಅಕ್ಕನ ಕೈಯಿಂದ ಸೌಟು ಬಿತ್ತು.

ಮಂಗಳವಾರ ಬೂಟಿನ ಕೋಣೆಯಲ್ಲಿ ಭಾವನಿಗಾಗಿ ಕಾದಿದ್ದವನು ಗೂಳಿ. ಏಣಿ ಹೊರುವವನು, ಬಾಗಿಲು ಅವನಿಗೆ ಬಗ್ಗಿ ದಾರಿ ಕೊಡಬೇಕು, ಅಂಥ ಆಳು. "ನಿನ್ನೊಬ್ಬನಿಂದ ನಮ್ಮ ತಲೆ ಬಿಸಿಲಲ್ಲಿ ಬೇಯ್ತಿದೆ. ಬಾಯಿ ತೆಗೀತೀಯೋ, ನಾನೇ ತೆಗೀಲೋ?" ಎಂದವನೇ ಭಾವನದ್ದೇ ಪೈಪಿನ ಹಿತ್ತಾಳೆ ಮೂತಿ ಎತ್ತಿ ಬಾಯಿಗೆ ಬೀಸಿದ. ಎರಡು ಹಲ್ಲು ಬೂಟಿನೊಳಗೆ ಬಿದ್ದು ಟಣ್ ಎಂದವು. ಇನ್ನೊಬ್ಬ ಹೊಟ್ಟೆಗೆ ಒದ್ದ. ನಾನು ಹೆಲ್ಮೆಟ್ ಹಿಡಿದು ನುಗ್ಗಿ ಒಂಬತ್ತು ಜನರನ್ನು ಕೆಡವಿದೆ. ಎದುರಿಗಿದ್ದವರು ಐದೇ ಜನ, ನಿಜ; ನಾಲ್ವರು ಎದ್ದುಬಂದು ಎರಡನೇ ಸಲ ಬಿದ್ದರು. ಕೊನೆಗೆ ಗೂಳಿ ನನ್ನ ಕತ್ತನ್ನು ಕಂಕುಳಲ್ಲಿ ಇರುಕಿ ಗೋಡೆಗೆ ಗುದ್ದಿದ. ಗೋಡೆ ಬಿರುಕು ಬಿಟ್ಟಿತು. ಈಗಲೂ ಹೋಗಿ ನೋಡಬಹುದು.

ಬುಧವಾರ ಭಾವನ ಬಾಯಿ ಊದಿ, ತುಟಿ ಒಡೆದು, ಮುಖದ ಅರ್ಧ ನೀಲಿಯಾಗಿತ್ತು. ಸಾಲು ನಿಂತಿತು. ಅಧಿಕಾರಿ ಬಾಯಿ ತೆರೆಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಟೆಲಿಫೋನಿನವಳು ಕಿಟಕಿಯಿಂದ ಕೂಗಿದಳು: "ಹಾಸಿಗೆ ಕಾರ್ಖಾನೆ! ಮೇಲಿನ ಮಹಡೀಲಿ ಮೂರು ಜನ ಸಿಕ್ಕಿಹಾಕ್ಕೊಂಡಿದಾರೆ!"

"ಕೀಲಿ ಕೊಡಿ ಸಾರ್," ಎಂದೆ.

"ಎರಡು ಮಾತು ಹೇಳಿ ಮುಗಿಸಿ. ಅರ್ಧ ನಿಮಿಷ ಸಾಕು."

"ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ!" ಎಂದು ನಾನು ಕೂಗಿದೆ.

ಒಂದು ಸಲ ಹೇಳಿದೆವು. ಭಾವ ನುಂಗಿದ. ಎರಡನೇ ಸಲವೂ ನುಂಗಿದ. ಗೂಳಿ ತಿರುಗಿ ಅವನ ಪಕ್ಕೆಗೆ ಗುದ್ದಿ, "ಹೇಳೋ! ಜನ ಸುಡ್ತಿದಾರೆ!" ಎಂದು ಅರಚಿದ. ಭಾವ ಮಂಡಿಯೂರಿದ. ಕಾರ್ಖಾನೆಯ ದಿಕ್ಕಿನಲ್ಲಿ ಕಪ್ಪು ಹೊಗೆ ಏಳುತ್ತಿತ್ತು, ಅದನ್ನು ನೋಡಿದ. ಎದ್ದು ನಿಂತು, ಕಣ್ಣು ಮುಚ್ಚಿ, ಹೇಳಿಯೇಬಿಟ್ಟ. ಆದರೆ ಹಲ್ಲಿಲ್ಲದ, ಊದಿದ ಬಾಯಿ. ಆಣೆಯ ಜೊತೆ ರಕ್ತವೂ ಗಾಳಿಯೂ ಹೊರಬಂದವು.

"ತೊದಲಿದ," ಎಂದ ಅಧಿಕಾರಿ. "ಮೊದಲಿಂದ."

ಭಾವ ಇನ್ನೊಂದು ಸಲ ಹೇಳಿದ. "ಮೊದಲಿಂದ."

ನಾನು ಹೆಲ್ಮೆಟ್ ತೆಗೆದು ಅಧಿಕಾರಿಯ ಮುಖದ ನಡುಮಧ್ಯಕ್ಕೆ ಅಪ್ಪಳಿಸಿದೆ. ಮೂಗು ಒಣ ಕಡ್ಡಿಯಂತೆ ಲಟಕ್ಕೆಂದಿತು. ಬಿದ್ದವನ ಎದೆಯ ಮೇಲೆ ಕುಳಿತು ಸರಪಳಿ ಜಗ್ಗಿದೆ; ಅದು ಕೊರಳ ಚರ್ಮವನ್ನೂ ಕಿತ್ತುಕೊಂಡು ಬಂತು. ಎಂಜಿನ್ ಗೇಟನ್ನು ತೆರೆಯಲಿಲ್ಲ, ಒಡೆಯಿತು. ದಾರಿಯಲ್ಲಿ ನಾನು ಗಾಳಿಯನ್ನು ಹಿಂದೆ ಹಾಕಿದೆ. ಅಂಗಳದಲ್ಲಿ ಒಂದು ಯುಗ ಕಳೆದೆವೆಂದು ನಾನು ಪ್ರಮಾಣ ಮಾಡಬಲ್ಲೆ. ಎಂಜಿನ್ನಿನ ಗಡಿಯಾರ ನಾಲ್ಕು ನಿಮಿಷ ಎಂದಿತು. ಗಡಿಯಾರದ ಜೊತೆ ನಾನು ವಾದಕ್ಕಿಳಿಯಲಿಲ್ಲ.

ಕಾರ್ಖಾನೆಯ ಹತ್ತಿಯೆಲ್ಲ ಹೊತ್ತಿ ಕಿಟಕಿಗಳು ಬೆಂಕಿ ಕಾರುತ್ತಿದ್ದವು. ಗೂಳಿ ಏಣಿ ನಿಲ್ಲಿಸಿದ. ಭಾವ ಒಬ್ಬನನ್ನು ಹೆಗಲ ಮೇಲೆ ಹಾಕಿ ಇಳಿಸಿದ, ಮತ್ತೆ ಹೋಗಿ ಇನ್ನೊಬ್ಬನನ್ನು ಇಳಿಸಿದ. ಮೂರನೆಯವಳು ಹೊಲಿಗೆಯವಳು. ಅವಳಿಗಾಗಿ ಅವನು ಏಣಿಯ ಅರ್ಧಕ್ಕೆ ಏರಿದ್ದಾಗ ಮಹಡಿ ಕುಸಿಯಿತು. ಕಿಟಕಿಯಲ್ಲಿದ್ದ ಕೈ ಒಳಕ್ಕೆ ಹೋಯಿತು. ಏಣಿಯ ಜೊತೆ ಭಾವನೂ ಗೂಳಿಯೂ ನೆಲಕ್ಕೆ ಬಿದ್ದರು. ಕಾದ ಏಣಿಯನ್ನು ಕೊನೆವರೆಗೂ ಬಿಡದ ಗೂಳಿಯ ಅಂಗೈ ಎರಡೂ ಸುಟ್ಟು ಸುಲಿದಿದ್ದವು.

ಮಧ್ಯಾಹ್ನದ ಹೊತ್ತಿಗೆ ಬೆಂಕಿ ಆರಿತು. ಎಲ್ಲರೂ ಎಂಜಿನ್ ಏರಿದರು. ಭಾವ ಏರಲಿಲ್ಲ.

"ಬಾ ಭಾವ, ಮುಗೀತು."

"ಬಿಟ್ಟು ಬರೋದಿಲ್ಲ ಅಂದಿದೀನಿ," ಎಂದ, ರಕ್ತ ಉಗುಳಿ. "ಯಾರ ಮೇಲೆ ಆಣೆ ಇಟ್ಟು ಅಂತ ನೀನೂ ಕೇಳಿದೀಯ."

ಹೋಗಿ ಬಿಸಿ ಬೂದಿಯಲ್ಲಿ ಕೈ ಹಾಕಿದ. ಗೂಳಿ ಹಿಂದಿನಿಂದ ತಬ್ಬಿ ಎಳೆದ. ಭಾವ ಜೀವಮಾನದಲ್ಲಿ ಯಾರಿಗೂ ಕೈ ಎತ್ತಿದವನಲ್ಲ. ಅವತ್ತು ತಿರುಗಿ ಗೂಳಿಯ ದವಡೆಗೆ ಕೊಟ್ಟ ಏಟಿಗೆ ಗೂಳಿ ಕಲ್ಲುರಾಶಿಯ ಮೇಲೆ ಅಂಗಾತ ಬಿದ್ದ. ಮತ್ತೆ ಎಳೆದ, ಮತ್ತೆ ಬಿದ್ದ. ಮೂರನೇ ಸಲ ಎದ್ದವನು ಎಳೆಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಚರ್ಮವಿಲ್ಲದ ಅಂಗೈಯಲ್ಲೇ ಇಟ್ಟಿಗೆ ತೆಗೆಯತೊಡಗಿದ. "ನಾನು ನಿನ್ನ ಬಾಯಿ ಒಡೀದಿದ್ರೆ..." ಎಂದ. ಭಾವ ಇನ್ನೊಂದು ಇಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. ನಾನೂ ಇಳಿದೆ.

ಸಂಜೆಯ ಹೊತ್ತಿಗೆ ಹೊಲಿಗೆ ಯಂತ್ರದ ಕೆಳಗೆ ಅವಳು ಸಿಕ್ಕಳು. ಭಾವ ತನ್ನ ಅಂಗಿ ಹೊದಿಸಿ, ಎತ್ತಿಕೊಂಡು, ಬೀದಿಯಲ್ಲಿ ಬೆಳಗಿನಿಂದ ನಿಂತಿದ್ದ ಅವಳ ತಾಯಿಯ ಮಡಿಲಲ್ಲಿ ಇಟ್ಟ. ತಾಯಿ ಅವನ ಕೆನ್ನೆಗೆ ಬಾರಿಸಿದಳು. ಅವನು ಇನ್ನೊಂದೇಟಿಗೆ ಕಾಯುವವನಂತೆ ನಿಂತೇ ಇದ್ದ.

ಗುರುವಾರ ನನ್ನನ್ನು ಕರೆಸಿದ್ದು ಕೆಲಸದಿಂದ ತೆಗೆದ ಕಾಗದ ಕೊಡಲು. ನನ್ನನ್ನು ತೆಗೆಯಲು ಏಳು ಮಂತ್ರಿಗಳು ಸಹಿ ಹಾಕಬೇಕಾಯಿತು. ಹಾಜರಿ ಪುಸ್ತಕದಲ್ಲಿ ಭಾವನ ಹೆಸರಿನ ಮುಂದೆ ಮಾತ್ರ ಅಧಿಕಾರಿ 'ಹೇಳಿದ್ದಾನೆ' ಎಂದು ಬರೆದಿದ್ದ; ಕೆಲಸವೂ ಉಳಿಯಿತು, ಮನೆಯೂ ಉಳಿಯಿತು. ಆದರೆ ಭಾವ ತನ್ನ ಹೆಲ್ಮೆಟ್ಟನ್ನು ಅವನ ಮೇಜಿನ ಮೇಲಿಟ್ಟು ಹೊರಟುಹೋಗಿದ್ದ. ಅಕ್ಕ ಹಿತ್ತಿಲಲ್ಲಿ ಪಾತ್ರೆ ಮೂಟೆ ಕಟ್ಟುತ್ತಿದ್ದಳು.

ಅಂಗಳದಲ್ಲಿ ಸಾಲು ನಿಂತಿತು. ಮೂಗಿಗೆ ಪಟ್ಟಿ, ಕೊರಳಿಗೆ ಹೊಸ ಸರಪಳಿ ಹಾಕಿಕೊಂಡ ಅಧಿಕಾರಿ, "ದೇವರ ಮೇಲಾಣೆ" ಎಂದ.

ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಗೂಳಿ ಪಕ್ಕದ ಖಾಲಿ ಜಾಗ ನೋಡಿದ. ಅವನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಉಳಿದವರೂ ಸುಮ್ಮನಿದ್ದರು.

"ಮೊದಲಿಂದ," ಎಂದ ಅಧಿಕಾರಿ.

ಅಕ್ಕನ ಮೂಟೆ ಹೊತ್ತು ನಾನು ಮುರಿದ ಗೇಟು ದಾಟುವಷ್ಟರಲ್ಲಿ ಅವನು ಸಾವಿರ ಸಲ ಶುರು ಮಾಡಿದ್ದ. ಹೋಗಲಿ, ಆರು ಸಲ. ಕೀಲಿ ಇನ್ನೂ ಅವನ ಕೊರಳಲ್ಲೇ ನೇತಾಡುತ್ತಿತ್ತು.