ಅಂಜಮ್ಮ ಟೀವಿಯಲ್ಲಿ ಬಂದದ್ದು

ಸ್ಟೀಲಿನ ತಟ್ಟೆಯ ಮೇಲೆ ಕವುಚಿಟ್ಟಿದ್ದ ಮೊಬೈಲು ಸರಿರಾತ್ರಿಯಲ್ಲಿ ಗುರ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಸುನಂದ ಅಮ್ಮನಿಗೆ ಎಚ್ಚರವಾಗದಂತೆ ಅದನ್ನು ದುಪ್ಪಟ್ಟದಲ್ಲಿ ಸುತ್ತಿ ಬಾಗಿಲ ಬಳಿ ಹೋದಳು. ಅವಳು ಕನ್ನಡ ಹೇಳಿಕೊಡುವ ಖಾಸಗಿ ಶಾಲೆಯ ಇನ್ನೊಬ್ಬ ಟೀಚರು ಒಂದು ವಿಡಿಯೋ ಕಳಿಸಿದ್ದಳು. ಕೆಳಗೆ, 'ನಿಮ್ಮಮ್ಮ ಇಲ್ಲೇ ಅಲ್ವಾ ಕೆಲ್ಸಕ್ಕೆ ಹೋಗೋದು?' ಎಂದು ಬರೆದು ನಗುವ ಮುಖ ಅಂಟಿಸಿದ್ದಳು.

ವಿಡಿಯೋದಲ್ಲಿ ಕೋಲಾರದ ಕೇಬಲ್ ಚಾನೆಲ್ಲಿನ ಶಿವಶಂಕರ್ ತನ್ನ ಸಂಜೆಯ ಕಾರ್ಯಕ್ರಮದಲ್ಲಿ ಮಾತಾಡುತ್ತಿದ್ದ. "ನಮ್ಮ ಟೊಮ್ಯಾಟೊ ದಿಲ್ಲಿ ಮುಟ್ಟೋಷ್ಟ್ರಲ್ಲಿ ಯಾಕ್ರೀ ಕೊಳೀತದೆ? ಬಿಸಿಲಿಗಾ? ಮಂಡೀಲಿ ಅದನ್ನ ಆರಿಸೋ ಹೆಂಗಸ್ರು ಯಾವ ಕೇರಿಯೋರು ಅಂತ ಕೇಳಿದ್ದೀರಾ? ತಲೆತಲಾಂತ್ರದಿಂದ ಸತ್ತ ದನ ಎಳೆದ ಕೈ! ಸೋಪಿಗೆ ಹೋಗೋ ವಾಸ್ನೆನಾ ಅದು? ಮನೆಗೆ ತಂದ್ರೆ ಅರಿಶಿನದ ನೀರಲ್ಲಿ ತೊಳ್ಕೊಳ್ಳಿ, ಅಷ್ಟೆ."

ಪಕ್ಕದಲ್ಲಿ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರ ಕೈಯೇ?" ಕತ್ತಲಲ್ಲಿ ಅಂಜಮ್ಮ ಕೇಳಿದಳು.

"ಏನಿಲ್ಲ, ಮಲ್ಕೊಮ್ಮ."

ಬೆಳಿಗ್ಗೆ ಮಂಡಿಯಲ್ಲಿ ಅದು ಅಂಜಮ್ಮನಿಗೆ ಗೊತ್ತಾಯಿತು. ಮಂಡಿಯ ಮಾಲೀಕ ಅಶ್ವತ್ಥಪ್ಪ ಕೇರಿಯ ಹೆಂಗಸರನ್ನಷ್ಟೇ ಬೇರೆ ನಿಲ್ಲಿಸಿದ. "ಇವತ್ತಿಂದ ನೀವು ಹಣ್ಣು ಮುಟ್ಬ್ಯಾಡಿ. ಹಿಂದ್ಗಡೆ ಕೊಳೆತಿರೋದು ಬಾಚಿ ಸುರೀರಿ."

ಹಣ್ಣು ಆರಿಸುವುದು ನೆರಳಲ್ಲಿ ಕೂತು ಮಾಡುವ ಕೆಲಸ. ಕೊಳೆತದ್ದನ್ನು ಬಾಚುವುದು ಸೊಂಟ ಮುರಿಯುವ ಕೆಲಸ, ಕೂಲಿಯೂ ಅರ್ಧ.

"ಇಷ್ಟು ವರ್ಸ ಮುಟ್ಟಿದ್ದು ಇವತ್ತು ಮೈಲ್ಗೆ ಆಯ್ತಾ ಸ್ವಾಮಿ?" ಎಂದಳು ಅಂಜಮ್ಮ.

"ಎದುರುತ್ರ ಕೊಡ್ತೀಯೇನೇ ಲೌಡಿ? ಹಣ್ಣು ತಗೊಳ್ಳೋ ಮದ್ರಾಸ್ ಪಾರ್ಟಿ ವಿಡಿಯೋ ನೋಡಿ ಬೆಳಿಗ್ಗೇನೇ ಫೋನ್ ಮಾಡವ್ನೆ, ಯಾರ ಕೈಲಿ ತುಂಬಿಸ್ತೀರ ಅಂತ. ನಾನೇನ್ ಮಾಡ್ಲಿ? ಅಂದಿರೋನು ಟೀವಿಯೋನು. ಅವ್ನು ಅದೇ ಟೀವೀಲಿ ವಾಪಸ್ ತಗೊಳ್ಲಿ, ನಾನೂ ನಿಮ್ಮನ್ನ ವಾಪಸ್ ತಗೋತೀನಿ."

ಸುನಂದ ಚಾನೆಲ್ಲಿಗೆ ಬರೆದಳು. ಒಂದೊಂದು ಪದವನ್ನೂ ಎರಡು ಸಲ ತೂಗಿ, ಕೋಪದ ಪದಗಳನ್ನೆಲ್ಲ ಹೊಡೆದುಹಾಕಿ ಬರೆದಳು. ಉತ್ತರ ಬರಲಿಲ್ಲ. ಚಾನೆಲ್ಲುಗಳ ಮೇಲಿನ ದೂರು ನೋಡುವ ಅಧಿಕಾರಿಗೂ ಒಂದು ಪ್ರತಿ ಕೊಟ್ಟ ಮೇಲೆ ಚಾನೆಲ್ಲಿನಿಂದ ಫೋನು ಬಂತು. "ಶನಿವಾರ ನಿಮ್ತಾಯಿನ ಕರ್ಕೊಂಡ್ ಬನ್ನಿ ಮೇಡಂ. ಅವ್ರೂ ಮಾತಾಡ್ಲಿ, ನಮ್ಮ ಸಾರೂ ವಿಷಾದ ಹೇಳ್ತಾರೆ. ಮುಗೀತು."

ಆಟೋದಲ್ಲಿ ದಾರಿಯುದ್ದಕ್ಕೂ ಸುನಂದ ಹೇಳಿಕೊಟ್ಟಳು. ನಾವು ದುಡಿಯೋರು. ನಮ್ಮ ಕೈಗೆ ಅವಮಾನ ಮಾಡಿದ್ದೀರ. ಇದೇ ಟೀವೀಲಿ ತಪ್ಪೊಪ್ಕೊಳ್ಳಿ. ಅಂಜಮ್ಮ ಮಗ್ಗಿ ಒಪ್ಪಿಸುವ ಹುಡುಗಿಯಂತೆ ಮತ್ತೆ ಮತ್ತೆ ಅಂದುಕೊಂಡಳು.

ಸ್ಟುಡಿಯೋದ ಬಾಗಿಲಲ್ಲೇ ಸುನಂದಳ ಮೊಬೈಲು ತೆಗೆದಿಟ್ಟುಕೊಂಡು ಅವಳನ್ನು ಗಾಜಿನ ಆಚೆ ಕೂರಿಸಿದರು. ಕ್ಯಾಮೆರಾದ ವೇಣು, ಹಣೆಗೆ ಕುಂಕುಮ ಇಟ್ಟಿದ್ದ ನಡುವಯಸ್ಸಿನವನು, ಅಂಜಮ್ಮನ ಸೆರಗಿಗೆ ಮೈಕು ಸಿಕ್ಕಿಸಿ, "ಹೆದರ್ಕೋಬೇಡಮ್ಮ" ಎಂದ. ದೀಪಗಳು ಹತ್ತಿದವು. ಅಂಜಮ್ಮ ಕುರ್ಚಿಯಿಂದ ಎದ್ದು ನಿಂತು ಎರಡೂ ಕೈ ಮುಗಿದಳು.

"ತಪ್ಪಾಯ್ತು ಸ್ವಾಮಿ, ಹೊಟ್ಟೆಗಾಕ್ಕೊಳ್ಳಿ."

ಗಾಜಿನ ಆಚೆ ಸುನಂದ ಎದ್ದು ನಿಂತಳು. ಇದೊಂದನ್ನು ಅವಳು ಮರೆತಿದ್ದಳು. ಅಂಜಮ್ಮನ ತವರು ಮುಳಬಾಗಿಲ ಕಡೆ. ಅಲ್ಲಿ ಕೇರಿಯವರು ನ್ಯಾಯ ಕೇಳಲು ಕಟ್ಟೆಯ ಮುಂದೆ ಹೋದರೆ ಬಾಯಿ ತೆರೆಯುವುದೇ ಈ ಮಾತಿನಿಂದ. ಕೋಳಿ ಕಳೆದುಕೊಂಡವನೂ ಹೀಗೇ ಶುರುಮಾಡಬೇಕು, ಕಂಬಕ್ಕೆ ಕಟ್ಟಿಸಿಕೊಂಡು ಹೊಡೆಸಿಕೊಂಡವನೂ ಹೀಗೇ ಶುರುಮಾಡಬೇಕು. ಮೊದಲು ತಪ್ಪಾಯ್ತು, ಆಮೇಲೆ ದೂರು. ಏನು ಹೇಳಬೇಕೆಂದು ಕಲಿಸಿದ್ದ ಸುನಂದ, ಅದಕ್ಕೂ ಮುಂಚೆ ಏನು ಹೇಳಬಾರದೆಂದು ಕಲಿಸಿರಲಿಲ್ಲ.

ಆಮೇಲೆ ಅಂಜಮ್ಮ ಹೇಳಿಕೊಟ್ಟಿದ್ದನ್ನೆಲ್ಲ ಹೇಳಿದಳು. ಹೇಳಿಕೊಡದ್ದನ್ನೂ ಹೇಳಿದಳು. "ನಿಮ್ಮನೆ ಸಾರಲ್ಲಿ ಬೆಂದಿದ್ದು ನಾನ್ ಆರಿಸಿದ ಹಣ್ಣೇ ಸ್ವಾಮಿ. ಇಷ್ಟು ವರ್ಸ ತಿಂದ್ರಲ್ಲ, ನಿಮ್ ಮೈಯಾಗೆ ಎಲ್ಲಿ ಕೊಳ್ತೈತೆ ತೋರ್ಸಿ."

ಶಿವಶಂಕರನ ಮುಖ ಕಪ್ಪಿಟ್ಟಿತು. "ಬೇಜಾರಾಗಿದ್ರೆ ವಿಷಾದ ಅಮ್ಮ" ಎಂದು ಕೆಳಗೆ ನೋಡಿಕೊಂಡು ಗೊಣಗಿದ.

ಸಂಜೆ ಮನೆ ತುಂಬ ಕೇರಿಯವರು ಬಂದು ಟೀವಿ ಮುಂದೆ ಕೂತರು. ಪರದೆಯ ಮೇಲೆ ಅಂಜಮ್ಮ ಎದ್ದಳು, ಕೈ ಮುಗಿದಳು, "ತಪ್ಪಾಯ್ತು ಸ್ವಾಮಿ, ಹೊಟ್ಟೆಗಾಕ್ಕೊಳ್ಳಿ" ಎಂದಳು. ಕೂಡಲೇ ಶಿವಶಂಕರನ ಮುಖ ಬಂತು. "ದೂರು ಕೊಟ್ಟೋರೇ ಕ್ಷಮೆ ಕೇಳಿದ್ದಾರೆ. ಬಡವ್ರು, ಯಾರೋ ತಲೆ ಕೆಡಿಸಿದ್ದಾರೆ. ಹೋಗ್ಲಿ, ನಾವೂ ದೊಡ್ಡ ಮನಸ್ಸು ಮಾಡಿ ಬಿಟ್ಬಿಟ್ವಿ." ನಂತರ ಸೀರೆ ಅಂಗಡಿಯ ಜಾಹೀರಾತು.

ಅಂಜಮ್ಮ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಮಿಕ್ಕಿದ್ದು ನಾಳೆ ಬತ್ತದೇನೇ?"

ನಾಳೆ ಬಂದದ್ದು ಹೊಸ ಹೆಸರು. ಹಮಾಲರು ಕ್ರೇಟು ಹೊತ್ತು ಹೋಗುತ್ತ, "ಏಯ್, ತಪ್ಪಾಯ್ತಮ್ಮಾ, ಪಕ್ಕಕ್ಕೆ ಸರ್ಕೋ!" ಎಂದು ಕೂಗಿದರು. ಅಶ್ವತ್ಥಪ್ಪ ಹಲ್ಲುಕಡ್ಡಿ ಆಡಿಸುತ್ತ, "ಊರಿಗೆಲ್ಲ ಕೇಳಂಗೆ ನೀನೇ ಒಪ್ಕೊಂಡ್ಮೇಲೆ ಇನ್ನೇನೇ? ಬಾಚು" ಎಂದ. ವಾರ ಕಳೆಯುವಷ್ಟರಲ್ಲಿ ಆ ಹೆಸರಿಗೆ ಅಂಜಮ್ಮ ಓಗೊಡತೊಡಗಿದಳು.

ಸುನಂದ ಮತ್ತೆ ಅಧಿಕಾರಿಯ ಮುಂದೆ ನಿಂತಳು. ಆತ ಮೊಬೈಲಿನಲ್ಲಿ ಅದನ್ನೇ ಎರಡು ಸಲ ನೋಡಿದ. "ಕ್ಷಮೆ ಕೇಳಿರೋದು ನಿಮ್ತಾಯಿ ಅಲ್ವೇನಮ್ಮ?"

"ಅದು ನಮ್ಮ ಕಡೆ ಮಾತು ಶುರುಮಾಡೋ ಪದ್ಧತಿ ಸಾರ್. ಆಮೇಲಿಂದೆಲ್ಲ ಕತ್ತರಿಸಿದ್ದಾರೆ."

"ಪದ್ಧತಿಗೆ ಸೆಕ್ಷನ್ ಇಲ್ಲಮ್ಮ. ಪೂರ್ತಿ ವಿಡಿಯೋ ತಗೊಂಡ್ ಬಾ. ಇಲ್ಲ ಅಲ್ಲಿದ್ದೋರು ಯಾರಾದ್ರೂ ಬಂದು ಹೇಳ್ಲಿ. ಆವತ್ತೇ ನೋಟೀಸ್ ಕಳಿಸ್ತೀನಿ, ಟೀವೀಲೇ ಅವ್ನ ಬಾಯಲ್ಲಿ ಹೇಳಿಸ್ತೀನಿ."

ಅಲ್ಲಿದ್ದವನು ವೇಣು. ಸುನಂದ ಚಾನೆಲ್ಲಿನ ಮೆಟ್ಟಿಲ ಕೆಳಗೆ ಕಾದು ಅವನನ್ನು ಹಿಡಿದಳು. ಅವನು ಸುತ್ತ ನೋಡಿ, ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಬಳಿಗೆ ಕರೆದುಕೊಂಡು ಹೋದ.

"ಕತ್ತರಿಸಿದ್ದು ನಾನೇ ಅಕ್ಕ," ಎಂದ. "ನಮ್ಮಪ್ಪನೂ ಕಟ್ಟೆ ಮುಂದೆ ಹಂಗೇ ಶುರು ಮಾಡ್ತಿದ್ದ."

ಸುನಂದ ಅವನ ಹಣೆಯ ಕುಂಕುಮ ನೋಡಿದಳು.

"ಆಫೀಸಲ್ಲಿ ಯಾರ್ಗೂ ಗೊತ್ತಿಲ್ಲ. ಮನೆ ಓನರ್ಗೂ ಗೊತ್ತಿಲ್ಲ. ವರಮಾಲಕ್ಷ್ಮಿಗೆ ಅವ್ರ ಮನೇಗ್ ಹೋಗಿ ನನ್ ಹೆಂಡ್ತಿ ತಾಂಬೂಲ ತಗೊಂಡ್ ಬರ್ತಾಳೆ."

"ಗೊತ್ತಿದ್ದೂ ಅಲ್ಲೇ ಕತ್ತರಿಸಿದ್ಯಾ?"

"ಗೊತ್ತಿದ್ದಿದ್ಕೇ ಕತ್ತರಿಸೋಕಾಯ್ತು. ಆ ಮುದುಕಿ ನನ್ ಮರ್ಯಾದೆ ಕಳದ್ಲು, ಏನಾದ್ರೂ ಮಾಡಿ ಅವಳದನ್ನ ಅವಳ ಬಾಯಿಂದ್ಲೇ ತೆಗಿ ಅಂದ್ರು ಸಾರು. ಬೇರೆಯೋನಾಗಿದ್ರೆ ಹುಡುಕ್ತಿದ್ದ. ನನ್ ಕೈ ಸೀದಾ ಅಲ್ಲಿಗೇ ಹೋಯ್ತು."

ಅವಳು ಅವನ ಕಾಲ ಪಕ್ಕದಲ್ಲಿ ಉಗಿದಳು. "ಥೂ, ನಿನ್ನ ಜನ್ಮಕ್ಕಿಷ್ಟು! ಹಮಾಲರು ಬೀದಿಲಿ ಕೂಗ್ತಾರೆ ಗೊತ್ತೇನೋ, ನಮ್ಮಮ್ಮನ್ನ? ಅವಳು ಸೊಂಟ ಹಿಡ್ಕೊಂಡು ಏಳ್ತಾಳೆ ಬೆಳಿಗ್ಗೆ."

ವೇಣು ಒರೆಸಿಕೊಳ್ಳುವಂತೆ ಚಪ್ಪಲಿಯನ್ನು ಮಣ್ಣಿಗೆ ಉಜ್ಜಿದ. ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. "ಪೂರ್ತಿ ಇದ್ರಲ್ಲೈತೆ. ತಗೋ. ಆ ಮಷೀನ್ ಮುಟ್ಟೋನು ನಾನೊಬ್ನೇ, ಯಾರು ಕೊಟ್ರು ಅಂತ ಅವ್ರು ಯೋಚ್ನೆನೂ ಮಾಡ್ಬೇಕಿಲ್ಲ. ಯಾಕೆ ಕೊಟ್ಟೆ ಅಂತ ನಮ್ಮೂರಿಗೆ ಹೋಗಿ ವಿಚಾರಿಸ್ತಾರೆ. ನಾಳಿದ್ದು ನನ್ ಮಗ್ಳನ್ನ ಎಲ್ಲಿ ಮಲಗಿಸ್ಲಿ, ಅದೊಂದ್ ಹೇಳ್ಬುಡು."

ಸುನಂದ ಕೈ ಚಾಚಿದಳು. ತುದಿಬೆರಳು ಅವನ ಅಂಗೈಗೆ ತಾಕಿತು. ಆ ಕೈ ಬೆವರಿನಲ್ಲಿ ತೊಯ್ದಿತ್ತು. ಅವನ ಬೆರಳುಗಳನ್ನು ತಾನೇ ಮಡಚಿ ಪೆನ್ ಡ್ರೈವ್ ಮುಚ್ಚಿದಳು. ತಿರುಗಿ ನೋಡದೆ ನಡೆದಳು.

ಮಂಡಿಯ ಹಿಂದೆ ಅಂಜಮ್ಮ ಮೊಣಕಾಲವರೆಗೆ ಕೊಳೆತ ಹಣ್ಣಿನಲ್ಲಿ ನಿಂತಿದ್ದಳು. ಮಗಳನ್ನು ಕಂಡು ಸಲಿಕೆಗೆ ಒರಗಿ, ನೊಣ ಓಡಿಸುತ್ತ ಕೇಳಿದಳು: "ಯಾರಾದ್ರೂ ಸಿಕ್ಕುದ್ರೇನೇ ತಾಯಿ, ಆವತ್ತು ಅಲ್ಲಿದ್ದೋರು?"

"ಇಲ್ಲಮ್ಮ. ಅಲ್ಲಿ ನಮ್ಮೋರು ಯಾರೂ ಇರ್ಲಿಲ್ಲ."

ಅಂಜಮ್ಮ ಮತ್ತೆ ಬಾಗಿದಳು. ಆ ಅಧಿಕಾರಿಗೂ, ಕೇರಿಗೂ, ನಾಳೆ ಅಮ್ಮ ಹಾಸಿಗೆ ಹಿಡಿದು ಕೇಳಿದರೆ ಅವಳಿಗೂ ಇಷ್ಟನ್ನೇ ಹೇಳುವುದೆಂದು ಸುನಂದ ಅಲ್ಲೇ ನಿರ್ಧರಿಸಿದಳು.