ಅರ್ಥಕ್ಕೆ ಬಿಟ್ಟ ಜಾಗ

ರಾರಾವಿಯ ಚನ್ನವೀರಮ್ಮನಿಗೆ ಆಗಾಗ ಒಂದೇ ಕನಸು ಬೀಳುತ್ತಿತ್ತು. ನಾಟಿ ಮುಗಿದ ಗದ್ದೆಯ ಬದುವಿನ ಮೇಲೆ ಅವಳು ನಡೆಯುತ್ತಿರುತ್ತಾಳೆ. ಎರಡೂ ಕಡೆ ನೀರು, ನೀರಿನೊಳಗೆ ಮೋಡ. ಬದು ಮುಗಿಯುವಲ್ಲಿ ಒಂದು ದೊಡ್ಡ ಬಾಗಿಲು, ಒಳಗೆ ಯಾರೋ ಪಾಠ ಒಪ್ಪಿಸುವ ಸದ್ದು. ಕೆಸರುಗಾಲು ತೊಳೆದುಕೊಂಡು ಇನ್ನೇನು ಒಳಗೆ ಕಾಲಿಡಬೇಕು, ಅಷ್ಟರಲ್ಲಿ "ಎಸ್ಸೆಸ್ಸೆಲ್ಸಿ ಆಗೈತೇನಬೇ?" ಎಂದು ಒಂದು ದನಿ ಕೇಳುತ್ತದೆ. ಅಲ್ಲಿಗೆ ಎಚ್ಚರ. ಪಕ್ಕದಲ್ಲಿ ಗಂಡ ಮರಿಬಸಪ್ಪನ ಗೊರಕೆ.

ನಮ್ಮ ಸಿರುಗುಪ್ಪ ಕಡೆ ಇಂಥ ಹೆಣ್ಣುಮಕ್ಕಳು ಓಣಿ ಓಣಿಗೂ ಇದ್ದಾರೆ. ದೊಡ್ಡವಳಾದಳು ಎಂದು ಏಳನೆಯ ಇಯತ್ತೆಗೇ ಶಾಲೆ ಬಿಡಿಸುತ್ತಾರೆ. ಆಮೇಲೆ ಮದುವೆ, ಮಕ್ಕಳು, ಗದ್ದೆ ಕೆಲಸ. ಓದಿನ ಮಾತು ಪಾಟಿಯ ಜೊತೆ ಅಟ್ಟ ಸೇರುತ್ತದೆ. ಚನ್ನವೀರಮ್ಮನ ತವರು ಕುರುಗೋಡು. ಅಲ್ಲಿ ಅವಳ ಅಪ್ಪ ಶ್ರಾವಣ ಮಾಸದಲ್ಲಿ ಗುಡಿಯಲ್ಲಿ ಪುರಾಣ ಓದುತ್ತಿದ್ದರು. ಅಪ್ಪನ ತೊಡೆಯ ಮೇಲೆ ಕೂತು ಕಲಿತ ರಾಗ ಅವಳನ್ನು ಬಿಡಲಿಲ್ಲ. ರಾರಾವಿಗೆ ಸೊಸೆಯಾಗಿ ಬಂದ ಮೇಲೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದಳು, ಬೆಲ್ಲ ಕಟ್ಟಿಕೊಟ್ಟ ಪೇಪರ್ ಚೂರನ್ನೂ ಬಿಡಲಿಲ್ಲ. ಊರ ಬಸವಣ್ಣನ ಗುಡಿಯಲ್ಲಿ ಪುರಾಣ ಓದುತ್ತಿದ್ದ ಹಿರಿಯರು ತೀರಿಕೊಂಡಾಗ ಆ ಕೆಲಸ ಅವಳ ಪಾಲಿಗೆ ಬಂತು.

ಪುರಾಣಕ್ಕೊಂದು ಪದ್ಧತಿ ಉಂಟು. ಒಬ್ಬರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ರಾರಾವಿಯಲ್ಲಿ ಹಾಡುವವಳು ಚನ್ನವೀರಮ್ಮ, ಅರ್ಥ ಹೇಳುವವರು ಮಠದ ಅಯ್ಯನವರು. ಪದ್ಯ ಮುಗಿಸಿ ಅವಳು ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದಳು.

ಆ ಶ್ರಾವಣದ ಒಂದು ಸಂಜೆ, ಮಕ್ಕಳಿಗೆ ಸೂಜಿ ಹಾಕಲು ಬಂದಿದ್ದ ನರ್ಸಮ್ಮ ಹುಲುಗಮ್ಮ ಸಿರುಗುಪ್ಪದ ಬಸ್ಸಿಗೆ ಕಾಯುತ್ತ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು. ಹಾಡು ಕೇಳುತ್ತ ಕೂತವಳು ಬಸ್ಸನ್ನೇ ಮರೆತಳು. ಪುರಾಣ ಮುಗಿದದ್ದೇ ಚನ್ನವೀರಮ್ಮನ ಬೆನ್ನು ಹತ್ತಿ ಮನೆಗೇ ಬಂದಳು.

"ಯಕ್ಕ, ಎಲ್ಲೀಮಟ ಓದೀರಿ?"

"ಏಳನೇತ್ತ. ಅಲ್ಲಿಗೆ ಮುಗೀತವ್ವ ನಮ್ಮ ಸಾಲಿ."

"ಮುಗದಿಲ್ಲ ಬಿಡ್ರಿ. ಈಗ ತೆರಪಿನ ಶಿಕ್ಷಣ ಅಂತ ಬಂದೈತಿ. ಮನ್ಯಾಗ ಕುಂತು ಓದೋದು, ಪಾಠ ಟಪಾಲಿನಾಗ ಬರ್ತಾವ. ವಯಸ್ಸಾದವ್ರಿಗೆ ಎಸ್ಸೆಸ್ಸೆಲ್ಸಿ ಇಲ್ದಿದ್ರೂ ನಡೀತೈತಿ. ಒಂದು ಪ್ರವೇಶ ಪರೀಕ್ಷಾ ಇಡ್ತಾರ. ಸಾಲಿ ಹೊರಗ ಏನು ಕಲ್ತೀರಿ ಅನ್ನೋದನ್ನ ಅಲ್ಲಿ ತೋರಿಸಿದ್ರ ವಿಶ್ವವಿದ್ಯಾಲಯದ ಒಳಗ ತಗೊಂತಾರ."

ಚನ್ನವೀರಮ್ಮ ಅವಳ ಮುಖವನ್ನೇ ನೋಡಿದಳು. ಕನಸಿನ ಬಾಗಿಲಿನ ಮಾತು ಇವಳಿಗೆ ಯಾರು ಹೇಳಿದರು? ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದ ಅತ್ತೆ ದೊಡ್ಡಬಸಮ್ಮ ಮಾತ್ರ ಅಲ್ಲಿಂದಲೇ ಗದರಿದಳು.

"ಏನಬೇ ನರ್ಸಮ್ಮ, ನಿನ್ನ ಸೂಜಿ ಮಕ್ಕಳಿಗೆ ಹಾಕು, ನನ್ನ ಸೊಸಿ ತಲಿಗೆ ಹಾಕಬ್ಯಾಡ. ಮಗಳು ಎದಿ ಎತ್ತರ ಬೆಳದಾಳ. ಈಗ ತಾಯಿ ಪರೀಕ್ಷಾ ಬರಿಯಾಕ ಹೊಂಟ್ರ ಮಂದಿ ನಗಂಗಿಲ್ಲೇನು? ಸಾಲಿ ಮೆಟ್ಟಲಾ ಹತ್ತದಂಗ ಡಿಗ್ರಿ ಕೊಡ್ತಾರಂತ, ಇದೆಲ್ಲ ಮೋಸ."

"ಪುಕ್ಕಟೆ ಕೊಡಂಗಿಲ್ಲ ಯವ್ವ. ಒಳಗ ಬರಾಕ ದಾರಿ ಕೊಡ್ತಾರ, ಆಮ್ಯಾಲ ವರ್ಷಗಟ್ಲೆ ಓದಬೇಕು. ನಾನೂ ಹಂಗ ಓದಾಕತ್ತೀನಿ. ಬಳ್ಳಾರಿಗೆ ಹೋಗಿ ಪರೀಕ್ಷಾ ಬರದು ಬಂದೀನಿ. ನನ್ನ ನೋಡಿ ಯಾರೂ ನಗಲಿಲ್ಲ."

ದೊಡ್ಡಬಸಮ್ಮ ಮೊರ ಕೊಡವಿ ಒಳಗೆ ಹೋದಳು. ಸೊಸೆ ಓದು ಕಲಿತರೆ ಮನೆ ಕೈತಪ್ಪುತ್ತದೆ ಎಂಬ ಅಂಜಿಕೆ ಅವಳದು. ಪಾಪ, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೂ ಬರಲಿಲ್ಲ.

ಮುಂದಿನ ವಾರ ಚನ್ನವೀರಮ್ಮ ತಾನೇ ಕೇಳಿಕೊಂಡಾಗ ಹುಲುಗಮ್ಮ ಅಭ್ಯಾಸಕ್ಕೆಂದು ಒಂದು ಪ್ರಶ್ನೆ ಕೊಟ್ಟಳು. ನಿಮಗೆ ಹಿಡಿಸಿದ ಪುರಾಣದ ಸನ್ನಿವೇಶವೊಂದನ್ನು ವಿವರಿಸಿರಿ, ಅಂತ. ಚನ್ನವೀರಮ್ಮ ಮುತ್ತು ಪೋಣಿಸಿದ ಹಾಗೆ ಪದ್ಯ ಬರೆದಳು. ಪದ್ಯದ ಕೆಳಗೆ ಅರ್ಧ ಹಾಳೆ ಖಾಲಿ. ಮತ್ತೆ ಪದ್ಯ, ಮತ್ತೆ ಖಾಲಿ.

"ಇಲ್ಲೆಲ್ಲ ಯಾಕ ಜಾಗ ಬಿಟ್ಟೀರಿ ಯಕ್ಕ?"

"ಅದು ಅಯ್ಯನವರ ಜಾಗ. ಅರ್ಥ ಹೇಳೋದು ಅವರ ಪಾಲಲ್ಲೇನು?"

ಹುಲುಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಸಣ್ಣದಾಯಿತು. "ಅಲ್ರೀ ಯಕ್ಕ, ಪರೀಕ್ಷಾದಾಗ ಅಯ್ಯನವರು ಬರಂಗಿಲ್ಲ. ಈ ಜಾಗ ಖಾಲಿ ಉಳದ್ರ ಪರೀಕ್ಷಾದವ್ರು ನಿಮ್ಮನ್ನ ಹೊರಗ ಉಳಸ್ತಾರ. ನಿಮಗ ಅರ್ಥ ಗೊತ್ತಿಲ್ಲೇನು?"

"ಗೊತ್ತೈತಿ. ಹೇಳಿ ರೂಢಿ ಇಲ್ಲ."

ಅದೇ ಚಿಂತೆಯಲ್ಲಿ ದಿನ ಕಳೆದವು. ನಾಟಿ ಮಾಡುವಾಗ ನೀರಿನಲ್ಲಿ ತನ್ನ ಮುಖ ತೇಲಿದರೆ, ಅದರ ಬಾಯಿ ಮುಚ್ಚಿರುವುದೇ ಅವಳಿಗೆ ಕಾಣುತ್ತಿತ್ತು.

ಶ್ರಾವಣದ ಕಡೆಯ ಸೋಮವಾರ ಅಯ್ಯನವರು ಪ್ರವಚನಕ್ಕೆಂದು ಮೋಕ ಊರಿಗೆ ಹೋದವರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಜನ ಕೂತಿದ್ದರು, ಪುರಾಣ ನಿಲ್ಲಿಸುವ ಹಾಗಿರಲಿಲ್ಲ. ಚನ್ನವೀರಮ್ಮ ಓದತೊಡಗಿದಳು. ಶಿವನನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ ಶರಣೆಯೊಬ್ಬಳ ಕಥೆ ಅದು. ಪದ್ಯ ಮುಗಿಸಿ ರೂಢಿಯಂತೆ ತಲೆ ತಗ್ಗಿಸಿದಳು. ಅರ್ಥ ಹೇಳುವವರಿಲ್ಲ. ದೀಪ ಉರಿಯುತ್ತಿತ್ತು, ಹೊರಗೆ ಗದ್ದೆಗಳ ಮೇಲೆ ಸಂಜೆಯ ಬೆಳಕು ಕರಗುತ್ತಿತ್ತು. ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಅದು ಅತ್ತೆ ದೊಡ್ಡಬಸಮ್ಮನದು.

"ಮುಂದ ಹೇಳಬೇ. ಆ ತಾಯಿ ಯಾಕ ಮನಿ ಬಿಟ್ಲು?"

ಚನ್ನವೀರಮ್ಮ ತಲೆ ಎತ್ತಿದಳು. ಆಮೇಲೆ ಮಾತು ತಾನಾಗಿ ಬಂತು.

"ಸಸಿಮಡ್ಯಾಗಿನ ಭತ್ತದ ಸಸಿ ನೋಡೀರಲ್ಲ? ಕಿತ್ತು ನಾಟಿ ಮಾಡಿದ ಹೊಸದಾಗ ಅದು ಬಾಡಿ ನಿಂತಿರತೈತಿ. ಸತ್ತೇ ಹೋತೇನೋ ಅಂತ ನಾವು ಅಂಜತೀವಿ. ಆದ್ರ ಮಡ್ಯಾಗ ಉಳದ ಸಸಿ ಚಲೋ ತೆನಿ ಹಿಡಿಯಂಗಿಲ್ಲ. ಈ ತಾಯಿಗೂ ಮನಿ ಬಿಡೋವಾಗ ಕಣ್ಣೀರು ಬಂದಿರತಾವ. ಪುರಾಣದಾಗ ಅದನ್ನ ಬರದಿಲ್ಲ. ನನಗಂತೂ ಬಂದಿರತಾವ ಅನಸತೈತಿ."

ದೊಡ್ಡಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬಂದ ಮೇಲೆ ಸೊಸೆಯನ್ನು ಹತ್ತಿರ ಕರೆದಳು.

"ನಾನು ಈ ಮನಿಗೆ ಬಂದಾಗ ಭಾಳ ಸಣ್ಣಾಕಿ. ನಾನೂ ಹಂಗ ಬಾಡಿ ನಿಂತಿದ್ದೆ. ಇಷ್ಟು ವರ್ಷ ಪುರಾಣ ಕೇಳೀನಿ, ನನ್ನ ಮಾತು ಇವತ್ತು ಕೇಳಿದೆ." ಮಗನ ಕಡೆ ತಿರುಗಿದಳು. "ಲೇ ಮರಿಬಸ, ಇಕೀನ ಬಳ್ಳಾರಿಗೆ ಕರ್ಕೊಂಡು ಹೋಗು. ಒಲಿ ಕಡಿ ನಾ ನೋಡ್ಕೊಂತೀನಿ."

ಪರೀಕ್ಷೆಯ ದಿನ ಮರಿಬಸಪ್ಪ ಹೆಂಡತಿಯನ್ನು ಕಾಲೇಜಿನ ಬಾಗಿಲವರೆಗೂ ಬಿಟ್ಟು, ಕೌಲ್ ಬಜಾರಿನಲ್ಲಿ ಚಾ ಕುಡಿಯುತ್ತ ಕಾದ. ಅಂಗಡಿಯವನು ಕೇಳದಿದ್ದರೂ ಅವನಿಗೆ ಹೆಂಡತಿಯ ಪರೀಕ್ಷೆಯ ವಿಷಯ ಹೇಳಿದ. ಒಳಗೆ ಚನ್ನವೀರಮ್ಮ ಎರಡು ಸಾಲು ಪದ್ಯ ಬರೆದಳು. ಕೈ ತಾನಾಗಿ ಹಾಳೆಯ ಕೆಳಕ್ಕೆ ಸರಿಯಿತು. ತಡೆದು, ಪೆನ್ನನ್ನು ಮತ್ತೆ ಮೇಲೆ ತಂದಳು. ಅಯ್ಯನವರಿಗೆಂದು ಬಿಡುತ್ತಿದ್ದ ಜಾಗವನ್ನೆಲ್ಲ ತನ್ನ ಮಾತಿನಿಂದ ತುಂಬಿದಳು. ಹಾಳೆ ಸಾಲದೆ ಇನ್ನೊಂದು ಕೇಳಿದಳು.

ಭತ್ತ ತೆನೆ ಕಟ್ಟುವ ಕಾಲಕ್ಕೆ ಟಪಾಲಿನವನು ಪಾಠದ ಪುಸ್ತಕಗಳ ಕಟ್ಟು ತಂದುಕೊಟ್ಟ. ಅವಳು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಳು. ಹೊಸ ಪುಸ್ತಕವನ್ನು ಮೂಗಿಗೆ ಹಿಡಿದು ಎಷ್ಟೋ ಹೊತ್ತು ಹಾಗೇ ಕೂತಳು. ರಾತ್ರಿ ಆ ಕನಸು ಮತ್ತೆ ಬಿತ್ತು. ಅದೇ ಬದು, ಅದೇ ಮೋಡ ತುಂಬಿದ ನೀರು. ಬಾಗಿಲಲ್ಲಿ ಈ ಸಲ ಕೂತಿದ್ದವಳು ದೊಡ್ಡಬಸಮ್ಮ. ಮೊರ ಬದಿಗಿಟ್ಟು ಅವಳು ಹೇಳಿದಳು, "ಬಾ ಒಳಗ. ಓದು. ಅರ್ಥಾನೂ ನೀನ ಹೇಳು."

ಅಕ್ಕಂದಿರೇ, ಅಣ್ಣಂದಿರೇ, ಶಾಲೆ ಬಿಟ್ಟ ಮೇಲೂ ನೀವು ಕಲಿಯುವುದನ್ನು ಬಿಟ್ಟಿಲ್ಲ. ಗದ್ದೆಯಲ್ಲಿ, ಗುಡಿಯಲ್ಲಿ, ಅಂಗಡಿಯಲ್ಲಿ ಕಲಿತದ್ದೂ ಕಲಿಕೆಯೇ. ನಿಮ್ಮೂರಿನ ಮೇಷ್ಟ್ರನ್ನೋ ನರ್ಸಮ್ಮನನ್ನೋ ವಾಚನಾಲಯದವರನ್ನೋ ಇವತ್ತೇ ಹೋಗಿ ಕೇಳಿ. ಯಾರಿಗೆಂದು ಖಾಲಿ ಬಿಟ್ಟಿದ್ದೀರಿ ನಿಮ್ಮ ಜಾಗವನ್ನು? ಅಲ್ಲಿ ನೀವೇ ಬರೆಯಿರಿ.